ತಲಪರಿಗೆ ಮತ್ತು ಜೀವಜಲ: ಆತ್ಮದ ದಾಹದ ಬಗ್ಗೆ ಒಂದು ಚಿಂತನೆ

ಕರಾವಳಿಯ ನಮಗೆ ಮಳೆಯ ಕೊರತೆಯಿಲ್ಲ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಆದರೂ ಏಪ್ರಿಲ್-ಮೇ ಬಂತೆಂದರೆ ಅನೇಕರ ಮನೆಯ ಬಾವಿ ತಳ ಕಾಣುತ್ತದೆ. ನಮ್ಮ ವಿಶ್ವಾಸದ ಬದುಕೂ ಕೆಲವೊಮ್ಮೆ ಹೀಗೆಯೇ. ಹತ್ತಿರದಲ್ಲೇ ದೇವಾಲಯವಿದೆ, ದಿನವೂ ಬಲಿಪೂಜೆಯಿದೆ. ಒಳಗೆ ಮಾತ್ರ ಬರ. ಇದನ್ನು ಅರ್ಥಮಾಡಿಕೊಳ್ಳಲು ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲೂಕುಗಳ ಹಳೆಯ ನೀರಿನ ಪದ್ಧತಿಯೊಂದು ನಮಗೆ ನೆರವಾಗುತ್ತದೆ.

ತಲಪರಿಗೆ ಎಂದರೇನು?

ಈ ಬಯಲುಸೀಮೆಯಲ್ಲಿ ಕೆರೆಯಂಗಳ, ಹಳ್ಳ ಮತ್ತು ನದಿಯ ಮರಳಿನಡಿಯಿಂದ ತಾನಾಗಿಯೇ ಜಿನುಗುವ ಒರತೆಗೆ ತಲಪರಿಗೆ ಎನ್ನುತ್ತಾರೆ. ಜನ ಮರಳು ತೋಡಿ ಗುಂಡಿ ಮಾಡುತ್ತಾರೆ, ಸಣ್ಣ ಕಾಲುವೆ ತೆಗೆದು ನೀರನ್ನು ಕೆರೆಗೋ ಗದ್ದೆ-ತೋಟಕ್ಕೋ ಹಾಯಿಸುತ್ತಾರೆ. ನೀರನ್ನು ಮೇಲೆತ್ತಲು ಯಂತ್ರ ಬೇಡ. ಆದರೆ ಒಂದು ಕೆಲಸ ತಪ್ಪುವಂತಿಲ್ಲ: ತುಂಬಿಕೊಳ್ಳುವ ಹೂಳು-ಮರಳನ್ನು ಊರವರೆಲ್ಲ ಸೇರಿ ಮತ್ತೆ ಮತ್ತೆ ತೆಗೆಯಬೇಕು.

ಕೊಳವೆಬಾವಿಗಳು ಹೆಚ್ಚಿದಂತೆ, ಮರಳು ಸಾಗಣೆ ನಡೆದಂತೆ ಅನೇಕ ತಲಪರಿಗೆಗಳು ಬತ್ತಿದವು. ಅವರವರ ಹೊಲದಲ್ಲಿ ಅವರವರ ಕೊಳವೆಬಾವಿಯಾದ ಮೇಲೆ ಹೂಳೆತ್ತುವ ಕೂಡುಕೆಲಸವೂ ನಿಂತಿತು. ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್ ಇತ್ತು. ಪಾವಗಡದ ಹಲವು ಹಳ್ಳಿಗಳಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ವರ್ಷಗಟ್ಟಲೆ ಕುಡಿದವರ ಹಲ್ಲು ಕಲೆಗಟ್ಟುತ್ತದೆ, ಮೂಳೆ ಬಾಗುತ್ತದೆ.

ಪವಿತ್ರ ಗ್ರಂಥ ಏನು ಹೇಳುತ್ತದೆ?

ಜೀವಜಲದ ಬುಗ್ಗೆಯಾದ ದೇವರನ್ನು ಬಿಟ್ಟು ಜನರು ನೀರು ನಿಲ್ಲದ ಬಿರುಕು ತೊಟ್ಟಿಗಳನ್ನು ತೋಡಿಕೊಂಡರೆಂದು ಪ್ರವಾದಿ ಯೆರೆಮೀಯ ನೊಂದು ನುಡಿಯುತ್ತಾರೆ (2:13). ದಾಹವಾಗುವುದು ತಪ್ಪಲ್ಲ, ಯಾವ ನೀರನ್ನು ಕುಡಿಯುತ್ತೇವೆ ಎಂಬುದೇ ಪ್ರಶ್ನೆ. ಹಣ, ಹೆಸರು, ಬಿಡುವಿಲ್ಲದ ಮನರಂಜನೆ ಆ ಕ್ಷಣಕ್ಕೆ ದಾಹ ತಣಿಸಿದಂತೆ ಕಾಣುತ್ತವೆ. ಅವುಗಳ ಕೆಡುಕು ತಿಳಿಯುವುದು ತಡವಾಗಿ.

ತಂದೆ ಅಬ್ರಹಾಮನ ಕಾಲದಲ್ಲಿ ತೋಡಿದ್ದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದರು. ಇಸಾಕನು ಅವನ್ನು ಮತ್ತೆ ತೋಡಿಸಿದನು (ಆದಿಕಾಂಡ 26:18). ನಮ್ಮ ಹಿರಿಯರು ಬಿಟ್ಟುಹೋದ ಸಂಜೆಯ ಜಪಸರ, ಕುಟುಂಬ ಪ್ರಾರ್ಥನೆ, ಬೈಬಲ್ ವಾಚನ ಎಷ್ಟು ಮನೆಗಳಲ್ಲಿ ಮಣ್ಣು ಮುಚ್ಚಿ ಕುಳಿತಿವೆ?

ಯಕೋಬನ ಬಾವಿಯ ಬಳಿ ಯೇಸುಸ್ವಾಮಿ ತಾವೇ ಮೊದಲು ಸಮಾರಿಯದ ಸ್ತ್ರೀಯ ಬಳಿ ನೀರು ಕೇಳಿದರು (ಯೊವಾನ್ನ 4). ನಾವು ದೇವರಿಗಾಗಿ ದಾಹಗೊಳ್ಳುವ ಮೊದಲೇ ದೇವರು ನಮಗಾಗಿ ದಾಹಗೊಂಡಿದ್ದಾರೆ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶವು ಇದನ್ನೇ ಕಲಿಸುತ್ತದೆ (2560).

ನಮ್ಮ ಪಾಲಿನ ಕೆಲಸ

ದೇವರಿಗೆ ತೆರೆದುಕೊಳ್ಳುವುದು ಎಂದರೆ ಒರತೆಯನ್ನು ನಾವೇ ಸೃಷ್ಟಿಸುವುದಲ್ಲ; ಹೂಳು ತೆಗೆಯುವುದು. ತಲಪರಿಗೆ ಬತ್ತಬಹುದು, ದೇವರ ಕೃಪೆ ಬತ್ತದು. ಮುಚ್ಚಿಹೋಗುವುದು ನಮ್ಮ ಹೃದಯ. ಪ್ರತಿದಿನ ಆತ್ಮಶೋಧನೆಗೆ ಐದು ನಿಮಿಷ, ಕಾಲಕಾಲಕ್ಕೆ ಪಾಪನಿವೇದನೆ, ಮುನಿಸಿಕೊಂಡವರೊಡನೆ ರಾಜಿ: ಇವೇ ನಮ್ಮ ಗುದ್ದಲಿ-ಬುಟ್ಟಿ.

ಇದು ಒಬ್ಬರಿಂದಾಗುವ ಕೆಲಸವೂ ಅಲ್ಲ. ನನ್ನ ಭಕ್ತಿ ನನಗೆ ಸಾಕು ಎಂದರೆ ಅದು ನನ್ನ ಹೊಲದ ಕೊಳವೆಬಾವಿಯಂತೆ. ಗುರಿಕಾರರು, ಧರ್ಮೋಪದೇಶ ಶಿಕ್ಷಕರು ಮನೆಮನೆಯವರನ್ನು ಕೂಡಿಸಿದಾಗ ಮಾತ್ರ ಧರ್ಮಕೇಂದ್ರದ ಒರತೆ ತೆರೆಯುತ್ತದೆ.

ಜೀವಜಲ ಕುಡಿದವರು ನೆರೆಯವರ ಬಾಯಾರಿಕೆಯನ್ನು ಮರೆಯುವಂತಿಲ್ಲ. ಶುದ್ಧ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕು ಎಂದು ಜಗದ್ಗುರು ಫ್ರಾನ್ಸಿಸರು 2015ರ ‘ಲಾವ್ದಾತೊ ಸಿ’ ಪತ್ರದಲ್ಲಿ ಸಾರಿದರು. ಸಮಾರಿಯದ ಆ ಸ್ತ್ರೀ ಕೊಡವನ್ನು ಅಲ್ಲೇ ಬಿಟ್ಟು ಊರವರನ್ನು ಕರೆತರಲು ಓಡಿದಳು. ನಾವೂ ಹಾಗೆ ಹೊರಡೋಣ.