ದಾನಶಾಸನಗಳ ಶಾಪಾಶಯವೂ ದೈವದಂಡನೆಯ ಭಯವೂ

ಅಧರ್ಮವು ಮೇರೆಮೀರಿದಾಗ ದೇವತೆಯೋ ಋಷಿಯೋ ಅಡ್ಡಬಂದು ದಂಡಿಸುವುದು ಪುರಾಣಕಥೆಗಳ ರೂಢಿ. ಹಿರಣ್ಯಕಶಿಪುವಿನ ವಧೆಗಾಗಿ ನರಸಿಂಹನು ಕಂಬದಿಂದ ಆವಿರ್ಭವಿಸಿದನು. ಇಂದ್ರಪದವಿಯಲ್ಲಿ ಮದಿಸಿದ ನಹುಷನು ಅಗಸ್ತ್ಯಶಾಪದಿಂದ ಸರ್ಪವಾಗಿ ಬಿದ್ದನು. ಈ ದಂಡಭಯವು ಕಥಾಶ್ರವಣದಲ್ಲಿಯೇ ನಿಲ್ಲದೆ ಲೋಕವ್ಯವಹಾರಕ್ಕೂ ಇಳಿಯಿತೆಂಬುದಕ್ಕೆ ಕನ್ನಡನಾಡಿನ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವೇ ಪ್ರಮಾಣ.

ಕ್ರಿ. ಶ. ಐದನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸಲ್ಪಡುವ ಹಲ್ಮಿಡಿಯ ಶಾಸನದಲ್ಲಿಯೇ, ದತ್ತಿಯನ್ನು ಅಪಹರಿಸಿದವನಿಗೆ ಮಹಾಪಾತಕವು ತಟ್ಟುವುದೆಂದು ಹೇಳಿದೆ. ಅಲ್ಲಿ ಒಂದೆರಡು ಮಾತುಗಳಷ್ಟೇ ಇದ್ದ ಶಾಪವು ಕ್ರಮೇಣ ವಿಸ್ತಾರಗೊಂಡಿತು. ಭೂಮಿಯನ್ನು ಕಸಿದವನು ೬೦,೦೦೦ ವರ್ಷ ಅಮೇಧ್ಯದಲ್ಲಿ ಕ್ರಿಮಿಯಾಗಿ ಹುಟ್ಟುವನೆಂದೂ, ವಾರಣಾಸಿಯಲ್ಲಿ ಕವಿಲೆಗಳನ್ನೂ ಬ್ರಾಹ್ಮಣರನ್ನೂ ಕೊಂದ ಪಾಪಕ್ಕೆ ಗುರಿಯಾಗುವನೆಂದೂ ನೂರಾರು ಶಾಸನಗಳು ಸಾರುತ್ತವೆ. ಇಂತಹ ಶ್ಲೋಕಗಳನ್ನು ವ್ಯಾಸೋಕ್ತವೆಂದು ಹೇಳುವ ತಾಮ್ರಪಟಗಳೂ ಉಂಟು.

ಈ ಭಯವು ಯಾರನ್ನು ಕುರಿತದ್ದು? ಸಾಮಾನ್ಯ ಕಳ್ಳನನ್ನು ಶಿಕ್ಷಿಸಲು ದೊರೆಯ ದಂಡವೇ ಸಾಕಾಗಿತ್ತು. ಆದರೆ ದತ್ತಿಯು ಆಚಂದ್ರಾರ್ಕವಾಗಿ ನಡೆಯಬೇಕೆಂಬುದು ದಾನಿಯ ಸಂಕಲ್ಪ. ದೊರೆಯ ಆಜ್ಞೆಯಾದರೋ ಅವನ ಆಳಿಕೆಯೊಡನೆ ಮುಗಿಯತಕ್ಕುದು. ಮುಂದೆ ಬರುವ ಅರಸನು, ಅದರಲ್ಲಿಯೂ ಪರವಂಶದವನು, ದತ್ತಿಯನ್ನು ಕಿತ್ತುಕೊಂಡರೆ ಅವನನ್ನು ಕೇಳುವವರಾರು? ಆದುದರಿಂದಲೇ ಭಾವಿಭೂಪಾಲರನ್ನು ರಾಮನು ಮತ್ತೆ ಮತ್ತೆ ಯಾಚಿಸಿದನೆಂಬ ಶ್ಲೋಕವೂ ಶಾಸನಗಳಲ್ಲಿ ಸೇರಿತು. ರಾಜದಂಡವು ನಿಲುಕದ ಕಾಲಕ್ಕೆ ಪಾಪಭಯವನ್ನು ಕಾವಲಿಟ್ಟರೆಂದು ತಿಳಿಯಬೇಕು.

ಇಲ್ಲಿ ಪುರಾಣಕ್ಕೂ ಶಾಸನಕ್ಕೂ ಒಂದು ಭೇದವುಂಟು. ಮೇಲಣ ಶಾಪವಾಕ್ಯಗಳಲ್ಲಿ ಯಾವ ದೇವತೆಯೂ ಕೋಪಗೊಂಡು ಎದುರಿಗೆ ಬರುವುದಿಲ್ಲ. ಪಾಪವು ತಾನೇ ತನ್ನ ಫಲವನ್ನು ತರುತ್ತದೆ. ಬೇರೆ ಬೇರೆ ಮತದವರ ದತ್ತಿಗಳಿಗೆ ಒಂದೇ ಬಗೆಯ ಶಾಪವು ಸಲ್ಲುವುದಕ್ಕೆ ಇದರಿಂದ ಅನುಕೂಲವಾಗಿರಬೇಕು.

ಆದರೂ ಈ ಭಯವೊಂದೇ ಸಾಲಲಿಲ್ಲ. ಕೆಟ್ಟುಹೋದ ಪೂರ್ವದತ್ತಿಯನ್ನು ಮರಳಿ ಬಿಟ್ಟುದಾಗಿ ಹೇಳುವ ಶಾಸನಗಳೇ ಇದಕ್ಕೆ ಸಾಕ್ಷಿ. ಈ ಕೊರತೆಯನ್ನು ಬಲ್ಲವರು ಮಾಡಿದ ಏರ್ಪಾಡು ೧೩೬೮ರ ಶ್ರವಣಬೆಳಗೊಳದ ಶಾಸನದಲ್ಲಿ ಕಾಣುವುದು. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಬುಕ್ಕರಾಯನು ಪರಿಹರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದನು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರ ಅಂಗರಕ್ಷೆಗೆ ೨೦ ಆಳುಗಳನ್ನಿಟ್ಟು, ಮಿಕ್ಕ ಹಣದಿಂದ ಜೀರ್ಣಜಿನಾಲಯಗಳಿಗೆ ಸುಣ್ಣವನ್ನಿಡಿಸತಕ್ಕದ್ದೆಂದು ಕಟ್ಟಳೆಯಾಯಿತು. ಅದನ್ನು ನಡೆಯಿಸುವ ಹೊಣೆಯು ತಿರುಮಲೆಯ ತಾತಯ್ಯನದು. ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘಸಮುದಾಯಗಳಿಗೂ ದ್ರೋಹಿ. ಧರ್ಮವನ್ನು ಕೆಡಿಸಿದವನು ಗಂಗಾತೀರದಲ್ಲಿ ಕಪಿಲೆಯನ್ನೂ ಬ್ರಾಹ್ಮಣನನ್ನೂ ಕೊಂದ ಪಾಪಕ್ಕೆ ಭಾಗಿ. ರಾಜಭಯ, ಸಮುದಾಯಭಯ, ಪಾಪಭಯ ಈ ಮೂರೂ ಇಲ್ಲಿ ಒಂದೆಡೆ ಸೇರಿವೆ. ಇವುಗಳ ಜೊತೆಗೆ ಹಣವೂ ಆಳೂ ಉಂಟು.

ಶಾಪಾಶಯವನ್ನು ಕೇವಲ ಮೂಢಭೀತಿಯೆಂದು ತಳ್ಳಿಹಾಕುವುದು ಯುಕ್ತವಲ್ಲ. ಅದರಿಂದಲೇ ಧರ್ಮವು ಉಳಿಯಿತೆನ್ನುವುದೂ ಪ್ರಮಾಣಕ್ಕೆ ನಿಲ್ಲದು. ದಾನಕ್ಕಿಂತ ಪಾಲನೆಯೇ ಶ್ರೇಯಸ್ಕರವೆಂಬ ಮತ್ತೊಂದು ಶ್ಲೋಕವನ್ನೂ ಶಾಸನಕಾರರು ಶಾಪದೊಡನೆ ಬರೆಯಿಸುತ್ತಿದ್ದರು. ಅಳಿಪುವವನಿಗೆ ನರಕವನ್ನು ತೋರಿಸಿದ ಕಲ್ಲಿನಲ್ಲಿಯೇ, ಪರರ ದತ್ತಿಯನ್ನು ಕಾಯುವವನು ಕೊಟ್ಟವನಿಗಿಂತಲೂ ಹಿರಿಯನೆಂಬ ಗೌರವವನ್ನು ಅವರು ಕೆತ್ತಿಸಿದರು. ದತ್ತಿಯನ್ನು ಕಾಯಿಸುವುದಕ್ಕೆ ಭಯದೊಡನೆ ಈ ಗೌರವವೂ ಬೇಕೆಂಬುದು ಅವರಿಗೆ ತಿಳಿದಿತ್ತು.