ಹಳೆಯ ಟ್ರಾಕ್ಟರಿನ ಜಾತಕ

ಬೆಂಗಳೂರಿನ ದಂಡುಪ್ರದೇಶದಿಂದ ಪೂರ್ವಕ್ಕೆ, ಹಲಸೂರು ಇಂದಿರಾನಗರಗಳನ್ನು ದಾಟಿ ಹೋದರೆ ಕಗ್ಗದಾಸಪುರ ಸಿಗುತ್ತದೆ. ಹೆಸರಿನಲ್ಲಿ ಹಳ್ಳಿ, ನೋಟದಲ್ಲಿ ಪೇಟೆ. ಊರ ಹೆಸರಿನ ಕೆರೆಯೊಂದು ಉಳಿದಿದೆ. ಹೊಲಗಳಿದ್ದ ಕಡೆ ಮನೆಯ ಮೇಲೆ ಮನೆ ಎದ್ದಿದೆ. ಇಂಥ ಎಡೆಯಲ್ಲಿ ಟ್ರಾಕ್ಟರಿನ ಮಾತೇಕೆ ಎಂದು ತಾವು ಕೇಳಬಹುದು. ಈ ಭಾಗದ ಎಷ್ಟೋ ಮನೆಗಳಿಗೆ ಹೊಸಕೋಟೆ, ಮಾಲೂರು, ಕೋಲಾರಗಳ ಕಡೆ ಇನ್ನೂ ಜಮೀನು ಉಂಟು. ಅಣ್ಣನೋ ಭಾವನೋ ಅಲ್ಲಿ ಬೇಸಾಯ ನೋಡಿಕೊಳ್ಳುತ್ತಿರುತ್ತಾರೆ. "ಹಳೆಯ ಟ್ರಾಕ್ಟರೊಂದು ಮಾರಾಟಕ್ಕಿದೆ, ಕೊಳ್ಳೋಣವೆ?" ಎಂದು ಊರಿನಿಂದ ಪ್ರಶ್ನೆ ಬಂದಾಗ ಹಣ ಹೊಂದಿಸಬೇಕಾದವರು ಪಟ್ಟಣದವರೇ. ಮದುವೆಗೆ ಮುನ್ನ ಜಾತಕ ನೋಡುವ ನಾವು ಯಂತ್ರದ ಜಾತಕವನ್ನೂ ನೋಡುವುದು ಒಳ್ಳೆಯದು. ಯಂತ್ರದ ಜಾತಕವೆಂದರೆ ಅದರ ಚರಿತ್ರೆ.

ಚರಿತ್ರೆಗೂ ಉಳುಮೆಗೂ ಏನು ಸಂಬಂಧ? ರಾಗಿಯ ಸೀಮೆಯ ರೈತನಿಗೆ 'ಹದ' ಎಂಬ ಮಾತು ಬೀಜಮಂತ್ರವಿದ್ದಂತೆ. ಮಳೆ ಬಿದ್ದು ಮಣ್ಣು ಹದವಾಗಿರುವುದು ಕೆಲವೇ ದಿನ. ಆಗ ಉತ್ತು ಬಿತ್ತಿದವನಿಗೆ ಬೆಳೆ. ತಪ್ಪಿಸಿಕೊಂಡವನು ಮುಂದಿನ ಮಳೆಗೆ ಆಕಾಶ ನೋಡಬೇಕು. ಹಳೆಯ ಯಂತ್ರ ಕೆಡುವುದು ಸಹಜ. ಕೆಟ್ಟದ್ದು ಹದ ಆರುವುದರೊಳಗೆ ದುರಸ್ತಿಯಾಗುತ್ತದೆಯೆ ಎಂಬುದೇ ಮುಖ್ಯ. ಅದಕ್ಕೆ ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗಬೇಕು. ಅದನ್ನು ಬಿಚ್ಚಿ ಜೋಡಿಸಬಲ್ಲ ಕೈ ಹೋಬಳಿಯಲ್ಲಿರಬೇಕು. ಇವೆರಡೂ ಆ ಯಂತ್ರ ಎಲ್ಲಿ ಹುಟ್ಟಿತು, ನಮ್ಮ ದೇಶಕ್ಕೆ ಹೇಗೆ ಬಂತು ಎಂಬುದನ್ನು ಅವಲಂಬಿಸಿವೆ.

1951ರಲ್ಲಿ ಇಡೀ ಭಾರತದಲ್ಲಿದ್ದ ಟ್ರಾಕ್ಟರುಗಳು ಸುಮಾರು ಎಂಟೂವರೆ ಸಾವಿರ. ಹತ್ತು ವರುಷಗಳಲ್ಲಿ ಅದು ಸುಮಾರು ಮೂವತ್ತೊಂದು ಸಾವಿರಕ್ಕೆ ಏರಿತು. ಮೊದಮೊದಲು ಎಲ್ಲವೂ ಹಡಗಿನಲ್ಲಿ ಬಂದವು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಫರ್ಗ್ಯುಸನ್ ಟಿಇ-20 ಆ ಕಾಲದ ಹೆಸರುವಾಸಿ ಯಂತ್ರ. ಬೂದು ಬಣ್ಣದ ಈ ಪುಟ್ಟ ಟ್ರಾಕ್ಟರುಗಳು ಐದು ಲಕ್ಷಕ್ಕೂ ಮಿಗಿಲಾಗಿ ತಯಾರಾದವು. ಹ್ಯಾರಿ ಫರ್ಗ್ಯುಸನ್ ಕಂಡುಹಿಡಿದ ಮೂರು ಕೊಂಡಿಗಳ ಜೋಡಣೆ ಅದರ ವಿಶೇಷ. ಅದಕ್ಕೆ ಮುಂಚೆ ನೇಗಿಲನ್ನು ಗಾಡಿಯಂತೆ ಹಿಂದೆ ಎಳೆಯುತ್ತಿದ್ದರು. ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿದರೆ ಟ್ರಾಕ್ಟರಿನ ಮೂತಿ ಮೇಲೆದ್ದು ಚಾಲಕನ ಮೇಲೆಯೇ ಮಗುಚುವ ಭಯವಿತ್ತು. ಈ ಜೋಡಣೆಯಲ್ಲಿ ನೇಗಿಲು ಟ್ರಾಕ್ಟರಿನ ಅಂಗವೇ ಆಯಿತು. ಅದನ್ನು ಎತ್ತಿ ಇಳಿಸುವ ಕೆಲಸವನ್ನು ಎಣ್ಣೆಯ ಒತ್ತಡ ವಹಿಸಿಕೊಂಡಿತು. ಇಂದು ತಾವು ನೋಡುವ ಪ್ರತಿಯೊಂದು ಟ್ರಾಕ್ಟರಿನ ಬೆನ್ನಿಗೂ ಇದೇ ಮೂರು ಕೊಂಡಿ.

1959ರಲ್ಲಿ ಜರ್ಮನ್ ಮಾದರಿಯ ಐಷರ್ ಟ್ರಾಕ್ಟರು ಫರೀದಾಬಾದಿನಲ್ಲಿ ತಯಾರಾಗತೊಡಗಿತು. 1960ರಲ್ಲಿ ಮದರಾಸಿನಲ್ಲಿ ಟಾಫೆ ಸಂಸ್ಥೆ ಹುಟ್ಟಿ ಮ್ಯಾಸಿ ಫರ್ಗ್ಯುಸನ್ನಿನ ವಂಶವನ್ನು ದಕ್ಷಿಣಕ್ಕೆ ತಂದಿತು. 1963ರ ಹೊತ್ತಿಗೆ ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯ ಬಿ-275 ಮಾದರಿಯನ್ನು ಇಲ್ಲೇ ಮಾಡಲು ಕೈಹಾಕಿದರು. ಡಾಲರು ಪೌಂಡುಗಳ ಅಭಾವವಿದ್ದ ಆ ದಿನಗಳಲ್ಲಿ ರೂಪಾಯಿ ಲೆಕ್ಕದಲ್ಲಿ ವ್ಯಾಪಾರಕ್ಕೊಪ್ಪಿದ ಪೂರ್ವ ಯೂರೋಪಿನಿಂದಲೂ ಯಂತ್ರಗಳು ಬಂದವು: ಚೆಕೊಸ್ಲೊವಾಕಿಯದ ಜೆಟರ್, ಪೋಲೆಂಡಿನ ಉರ್ಸುಸ್, ರಷ್ಯದ ಡಿಟಿ-14. ಇವುಗಳಲ್ಲಿ ಜೆಟರಿನ ಅದೃಷ್ಟ ಬೇರೆ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ. ಸಂಸ್ಥೆ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೆಟರಿನ ಮಾದರಿಯನ್ನು ತನ್ನ ಹೆಸರಿನಲ್ಲಿ ತಯಾರಿಸಲು ಆರಂಭಿಸಿತು. 2016ರಲ್ಲಿ ಕೇಂದ್ರ ಸರ್ಕಾರ ಆ ವಿಭಾಗವನ್ನು ಮುಚ್ಚಲು ನಿರ್ಧರಿಸಿದರೂ ಎಚ್.ಎಂ.ಟಿ. ಟ್ರಾಕ್ಟರುಗಳು ಹೊಲ ಬಿಟ್ಟು ಹೋಗಲಿಲ್ಲ. ಸಾವಿರಾರು ಹೊಲಗಳಲ್ಲಿ ಓಡಾಡಿದ ಯಂತ್ರಕ್ಕೆ ಬಿಡಿಭಾಗ ಮಾಡಿ ಮಾರುವ ಸಣ್ಣ ಕಾರ್ಖಾನೆಗಳು ಇದ್ದೇ ಇರುತ್ತವೆ. ಇದಕ್ಕೆ ವಿರುದ್ಧವಾಗಿ, ನೇರ ಹಡಗಿನಿಂದಿಳಿದು ಇಲ್ಲಿ ಬೇರು ಬಿಡದ ಮಾದರಿಗಳು ಒಂದು ಗೇರಿನ ಹಲ್ಲು ಮುರಿದರೆ ಸಾಕು, ಬೇಲಿಯ ಬದಿಗೆ ಸೇರಿದವು. ಯಂತ್ರದ ಆಯುಸ್ಸನ್ನು ತಯಾರಕನ ಆಯುಸ್ಸಿನಿಂದಲೇ ಅಳೆಯಲಾಗದು. ಅದು ನಮ್ಮ ನೆಲದಲ್ಲಿ ಎಷ್ಟು ಹರಡಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲಿ ಕಗ್ಗದಾಸಪುರದ ನೆರೆಹೊರೆಯ ಪಾಲೂ ಉಂಟು. 1940ರ ಡಿಸೆಂಬರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಇಲ್ಲಿಗೆ ಸಮೀಪದ್ದು. ಮಹಾಯುದ್ಧದ ಕಾಲದಲ್ಲಿ ಅಲ್ಲಿ ಅಮೆರಿಕದ ಯುದ್ಧವಿಮಾನಗಳನ್ನು ಬಿಚ್ಚಿ ದುರಸ್ತಿ ಮಾಡುತ್ತಿದ್ದರು. ಪಕ್ಕದ ತಿಪ್ಪಸಂದ್ರದಲ್ಲಿ ಬೆಮೆಲ್ ನೆಲೆಗೊಂಡಿತು. 1964ರಲ್ಲಿ ಹುಟ್ಟಿದ ಆ ಸಂಸ್ಥೆ ಮುಂದೆ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಪಟ್ಟಿಗಾಲಿಯ ದೈತ್ಯ ಟ್ರಾಕ್ಟರುಗಳನ್ನು ತಯಾರಿಸಿತು. ವೈಟ್‌ಫೀಲ್ಡ್ ರಸ್ತೆಯ ಮಹದೇವಪುರದಲ್ಲಿ ವಿ.ಎಸ್.ಟಿ. ಟಿಲ್ಲರ್ಸ್ ಸಂಸ್ಥೆ ನೆಲೆಯೂರಿತು. 1967ರಲ್ಲಿ ಆರಂಭವಾದ ಈ ಸಂಸ್ಥೆ ಜಪಾನಿನ ಮಿತ್ಸುಬಿಷಿಯ ನೆರವಿನಿಂದ ಸಣ್ಣ ಹಿಡುವಳಿಗೂ ಗದ್ದೆಗೂ ಒಗ್ಗುವ ಪವರ್ ಟಿಲ್ಲರುಗಳನ್ನು, ಆಮೇಲೆ ಪುಟ್ಟ ಟ್ರಾಕ್ಟರುಗಳನ್ನು ತಯಾರಿಸಿತು. ಡೀಸೆಲ್ ಎಂಜಿನ್ನಿನ ಗುಂಡಿಗೆಯಂತಿರುವ ಇಂಧನದ ಪಂಪು, ನಾಜಲ್‌ಗಳನ್ನು ತಯಾರಿಸಿದ ಮೈಕೋ ಕಾರ್ಖಾನೆ 1951ರಲ್ಲಿ ಸ್ಥಾಪಿತವಾಗಿ ಆಡುಗೋಡಿಯಲ್ಲಿ ಬೆಳೆಯಿತು. ಶಿವಾಜಿನಗರದ ಗುಜರಿ ಅಂಗಡಿಗಳನ್ನೂ ಜೆ.ಸಿ. ರಸ್ತೆಯ ಬಿಡಿಭಾಗದ ಸಾಲನ್ನೂ ತಾವು ಬಲ್ಲಿರಿ. ಹಳ್ಳಿಯ ಮೆಕ್ಯಾನಿಕ್ಕು ಪಂಪನ್ನು ಬಿಚ್ಚಿ ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಬಂದು ಸೇರುವ ಊರು ಇದೇ.

ಇನ್ನು ಕೊಳ್ಳುವ ಮಾತು. ಹೊಸ ಬಣ್ಣಕ್ಕೆ ಮರುಳಾಗಬೇಡಿ. ಬಣ್ಣದ ಕೆಳಗೆ ಬೆಸುಗೆಯ ಗುರುತು, ಎಣ್ಣೆಯ ಜಿನುಗು ಅಡಗಿರುತ್ತದೆ. ಗಂಟೆ ತೋರಿಸುವ ಮೀಟರನ್ನೊಂದೇ ನಂಬಬೇಡಿ. ಕಾಲಿಡುವ ಪೆಡಲುಗಳ ಸವೆತ ಹೆಚ್ಚು ನಿಜ ಹೇಳುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ನಿಮ್ಮೆದುರಿಗೇ ಚಾಲೂ ಮಾಡಿಸಿ. ನೀಲಿ ಹೊಗೆ ಬಿಡದೆ ಬಂದರೆ ಎಣ್ಣೆ ಉರಿಯುತ್ತಿದೆ, ರಿಂಗು ಲೈನರ್‌ಗಳು ಸವೆದಿರಬಹುದು. ಕಪ್ಪು ಹೊಗೆಗೆ ಗಾಳಿಯ ಶೋಧಕ ಕಟ್ಟಿರುವುದೋ ಪಂಪು ನಾಜಲ್‌ಗಳ ದೋಷವೋ ಕಾರಣ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಸೇರಿದ ಸಂಶಯ. ಎಣ್ಣೆಯ ಕಡ್ಡಿ ತೆಗೆದು ನೋಡಿ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆ ಎಂದೇ ಅರ್ಥ. ಭಾರವಾದ ನೇಗಿಲನ್ನು ಎತ್ತಿಸಿ ಎಂಜಿನ್ ನಿಲ್ಲಿಸಿ, ಯಾರೂ ಅದರ ಅಡಿಗೆ ಹೋಗದಂತೆ ನೋಡಿಕೊಳ್ಳಿ. ಅದು ಕೂಡಲೇ ಕುಸಿದರೆ ಎಣ್ಣೆಯ ಒತ್ತಡ ಎಲ್ಲೋ ಸೋರುತ್ತಿದೆ. ಸ್ಟೀರಿಂಗ್ ಚಕ್ರ ಎಷ್ಟು ತಿರುಗಿದ ಮೇಲೆ ಮುಂಗಾಲಿ ಅಲ್ಲಾಡುತ್ತದೆ ಎಂಬುದನ್ನೂ ಗಮನಿಸಿ.

ಕಾಗದಪತ್ರ ಇದಕ್ಕಿಂತ ಕಡಮೆಯದಲ್ಲ. ಎಂಜಿನ್ ಮತ್ತು ಚಾಸಿಗಳ ಮೇಲೆ ಕೊರೆದ ಸಂಖ್ಯೆ ನೋಂದಣಿ ಪತ್ರದೊಡನೆ ಅಕ್ಷರಶಃ ಹೊಂದಬೇಕು. ಬ್ಯಾಂಕಿನ ಸಾಲ ನೋಂದಣಿ ಪತ್ರದಲ್ಲಿ ದಾಖಲಾಗಿದ್ದರೆ, ಅದು ತೀರಿತೆಂಬ ಬ್ಯಾಂಕಿನ ಪತ್ರವೂ 35ನೆಯ ನಮೂನೆಯೂ ಕೈಗೆ ಬರುವ ತನಕ ಮುಂಗಡ ಕೊಡಬೇಡಿ. ಯಾರದೋ ತೀರದ ಸಾಲ ನಿಮ್ಮ ಅಂಗಳಕ್ಕೆ ಬರಬಾರದಷ್ಟೆ.

ಹಳೆಯ ಯಂತ್ರವನ್ನು ಅಂದಕ್ಕಾಗಿ, ಅಪರೂಪಕ್ಕಾಗಿ ಕೊಳ್ಳುವವರೂ ಉಂಟು. ಅವರ ಆಸಕ್ತಿ ಗೌರವಕ್ಕೆ ಯೋಗ್ಯವಾದದ್ದು. ಅಂಥವರಿಗೆ ಬೂದು ಫರ್ಗ್ಯುಸನ್ನು ಭಾಗ್ಯವೇ ಸರಿ. ಒಂದು ಬಿಡಿಭಾಗಕ್ಕೆ ಆರು ತಿಂಗಳು ಕಾಯುವುದೂ ಅವರಿಗೆ ಸಂತೋಷದ ಒಂದು ಪಾಲು. ಒಡವೆ ಅಡವಿಟ್ಟು ಕೊಳ್ಳುವ ರೈತನಿಗೆ ಆರು ದಿನ ಕಾಯುವುದೂ ನಷ್ಟ. ಅವನಿಗೆ ತನ್ನ ಸೀಮೆಯಲ್ಲಿ ಹತ್ತಾರು ಜೊತೆಗಾರರಿರುವ ಸಾಧಾರಣ ಮಾದರಿಯೇ ಲೇಸು.

ಆದುದರಿಂದ ಊರಿನಿಂದ ಕೇಳಿಕೆ ಬಂದಾಗ ಮಾರುವವರ ಬೆಲೆ ವಿಚಾರಿಸುವುದಕ್ಕೆ ಮುಂಚೆ ಆ ಹೋಬಳಿಯ ಮೆಕ್ಯಾನಿಕ್ಕನ್ನು ಕಂಡು ಮೂರು ಮಾತು ಕೇಳಿಸಿ: ಈ ಮಾದರಿಯನ್ನು ಬಿಚ್ಚಿ ಜೋಡಿಸಿದ್ದೀರಾ? ಇದರ ಬಿಡಿಭಾಗ ಎಲ್ಲಿಂದ ತರುತ್ತೀರಿ? ಎಷ್ಟು ದಿನ ಹಿಡಿಯುತ್ತದೆ? ಮೂರಕ್ಕೂ ನೇರವಾದ ಉತ್ತರ ಬಂದರೆ ಮಾತುಕತೆಗೆ ಕೂರಿ. ಬಾರದಿದ್ದರೆ ಬೆಲೆ ಎಷ್ಟೇ ಅಗ್ಗವಾಗಿರಲಿ, ಕೈಬಿಡಿ.