ದನಿ ಬತ್ತದೆ, ಮಾತು ಬರಾಕಿಲ್ಲ

ಹೆಡ್‌ಫೋನ್ ಇದ್ರೆ ಹಾಕ್ಕೊಳ್ಳಿ, ಯಾಕಂದ್ರೆ ಇವತ್ತಿನ ವಿಷಯವೇ ಕೇಳಿಸೋದು, ಕೇಳಿಸದೇ ಇರೋದು.

ಮದ್ದೂರು ಕಡೆ ಒಂದು ಚರ್ಚ್. ಅಲ್ಲಿನ ಸಮಿತಿಯಲ್ಲಿರೋ ನನ್ನ ಫ್ರೆಂಡ್ ಫೋನ್ ಮಾಡಿ, "ಪಾಡ್‌ಕಾಸ್ಟ್ ಮಾಡ್ತೀಯಲ್ಲ ಮಗಾ, ಸೌಂಡ್ ಗೊತ್ತಿರುತ್ತೆ, ಬಂದು ನೋಡು" ಅಂದ. ನಾನು ಓದಿದ್ದು ಬಿ.ಕಾಂ. ಸೌಂಡ್ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ತಲೆ ಮೇಲೆ ಕಂಬಳಿ ಹೊದ್ಕೊಂಡು ರೆಕಾರ್ಡ್ ಮಾಡಿದ್ರೆ ದನಿ ಚೆನ್ನಾಗಿ ಬರುತ್ತೆ. ಆದ್ರೆ ಕೊಟೇಶನ್ ಓದೋಕೆ ಬರುತ್ತೆ. ಸಮಿತಿ ಕೈಯಲ್ಲಿದ್ದ ಕೊಟೇಶನ್‌ನಲ್ಲಿ ಎಂಟು ದೊಡ್ಡ ಬಾಕ್ಸ್ ಸ್ಪೀಕರ್, ಆ ಗೋಡೆಗೆ ನಾಲ್ಕು, ಈ ಗೋಡೆಗೆ ನಾಲ್ಕು. ಊರವರು ನೂರು, ಇನ್ನೂರು ಅಂತ ಕೂಡಿಸಿದ ದುಡ್ಡು. ಒಂದ್ಸಲ ತಪ್ಪಿದ್ರೆ ಮತ್ತೆ ಹತ್ತು ವರ್ಷ ಯಾರೂ ಕೊಡಲ್ಲ.

ಹಿಂದಿನ ಬೆಂಚಲ್ಲಿ ಕೂರೋ ಫ್ರೆಂಡ್‌ನ ಅಜ್ಜಿಯನ್ನ ಕೇಳಿದೆ, "ಈಗಿರೋ ಸ್ಪೀಕರ್ ಕೇಳಿಸಲ್ವಾ ಅಜ್ಜಿ?" ಅಜ್ಜಿ ಹೇಳಿದ್ರು, "ದನಿ ಬತ್ತದೆ ಕಣಪ್ಪ, ಮಾತು ಬರಾಕಿಲ್ಲ."

ಈ ಮಾತು ತಲೇಲಿ ಕೂತ್ಬಿಡ್ತು. ಇದರ ಹಿಂದೆ ಒಂದು ಇತಿಹಾಸ ಇದೆ.

ನಮ್ಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣಕ್ಕೆ, ಟಿಪ್ಪು ಸತ್ತ ಮೇಲೆ, ಅಬ್ಬೆ ದುಬಾಯ್ ಅನ್ನೋ ಫ್ರೆಂಚ್ ಪಾದ್ರಿ ಬಂದರು. ಗಂಜಾಂನ ಚರ್ಚ್ ಅವರ ಹೆಸರಲ್ಲೇ ಇದೆ. ಅವರ ಕಾಲದಿಂದ 1960ರ ದಶಕದವರೆಗೂ ಕ್ಯಾಥೊಲಿಕ್ ಬಲಿಪೂಜೆಯ ಪ್ರಾರ್ಥನೆಗಳು ಲ್ಯಾಟಿನ್‌ನಲ್ಲಿ. ಪಾದ್ರಿ ಬಲಿಪೀಠದ ಕಡೆ ಮುಖ ಮಾಡಿ, ಜನರಿಗೆ ಬೆನ್ನು ಹಾಕಿ, ಎಷ್ಟೋ ಭಾಗ ಮೆಲುದನಿಯಲ್ಲೇ ಹೇಳ್ತಿದ್ರು. ಪ್ರಬೋಧನೆ ಮಾತ್ರ ಊರಿನ ಭಾಷೆಯಲ್ಲಿ. ಅಂದ್ರೆ ಪೂಜೆಯ ಪ್ರತಿ ಪದವೂ ಹಿಂದಿನ ಬೆಂಚಿಗೆ ತಲುಪಬೇಕು ಅನ್ನೋ ಒತ್ತಡ ಆ ಕಟ್ಟಡಗಳ ಮೇಲೆ ಇರಲಿಲ್ಲ.

ಮೈಸೂರಿನ ಸೇಂಟ್ ಫಿಲೋಮಿನಾಗೆ ಹೋಗಿದ್ದೀರಲ್ಲ? 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ್ದು. ಒಳಗೆ ನಿಂತು ಒಂದ್ಸಲ ಕೆಮ್ಮಿ ನೋಡಿ. ಎತ್ತರದ ಚಾವಣಿ, ಕಲ್ಲು, ಗಾಜು. ನಿಧಾನವಾದ ಹಾಡಿಗೆ ಅದು ಸ್ವರ್ಗ. ಒಂದು ಸ್ವರ ಮುಗಿಯೋ ಮೊದಲೇ ಇನ್ನೊಂದು ಅದಕ್ಕೆ ಸೇರಿಕೊಳ್ಳುತ್ತೆ.

1963ರ ಡಿಸೆಂಬರ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯ ಬಗ್ಗೆ ಹೊಸ ದಾಖಲೆ ತಂತು. 1965ರಿಂದ ಊರಿನ ಭಾಷೆಗಳು ಪೂಜೆಯೊಳಗೆ ಬರೋಕೆ ಶುರುವಾದವು. ನಮ್ಮ ಕಡೆ ಕನ್ನಡ ಬಂತು, ಪಾದ್ರಿ ಜನರ ಕಡೆ ತಿರುಗಿದ್ರು. ಈಗ ಪ್ರತಿ ಪದವೂ ಕೇಳಬೇಕು. ಕಟ್ಟಡ ಮಾತ್ರ ಹಳೇದೇ. ಆಮೇಲೆ ಕಟ್ಟಿದ ಎಷ್ಟೋ ಚರ್ಚುಗಳೂ ಅದೇ ಅಚ್ಚಿನವು, ನಮ್ಮ ಮದ್ದೂರು ಕಡೆಯದೂ ಸೇರಿ.

ಈ ಪ್ರತಿಧ್ವನಿಯನ್ನ ಮೊದಲು ಸರಿಯಾಗಿ ಅಳೆದದ್ದು ಅಮೆರಿಕದ ವ್ಯಾಲೇಸ್ ಸೇಬಿನ್. 1895ರಲ್ಲಿ ಹಾರ್ವರ್ಡ್‌ನ ಒಂದು ಉಪನ್ಯಾಸ ಹಾಲ್‌ನಲ್ಲಿ ಪಾಠವೇ ಅರ್ಥ ಆಗ್ತಿರಲಿಲ್ಲ, ದನಿ ಸಾಯೋಕೆ ಐದೂವರೆ ಸೆಕೆಂಡ್ ಬೇಕಿತ್ತು. ಆತ ಪಕ್ಕದ ನಾಟಕ ಶಾಲೆಯಿಂದ ಸೀಟಿನ ದಿಂಬುಗಳನ್ನ ರಾತ್ರಿ ಹೊತ್ತು ತಂದು, ಜೋಡಿಸಿ, ಎಷ್ಟು ದಿಂಬಿಗೆ ಎಷ್ಟು ಕಮ್ಮಿ ಆಗುತ್ತೆ ಅಂತ ಲೆಕ್ಕ ಹಾಕಿದ. ನನ್ನ ಕಂಬಳಿಯ ವಿಜ್ಞಾನವೂ ಇದೇ! ಜನರೂ ದಿಂಬಿನ ಥರಾನೇ ದನಿ ಹೀರ್ತಾರೆ. ಶನಿವಾರ ಖಾಲಿ ಚರ್ಚಲ್ಲಿ ಟೆಸ್ಟ್ ಮಾಡಿ "ಇದು ಆಗಲ್ಲ" ಅನ್ನೋದೂ ತಪ್ಪು, ಭಾನುವಾರ ಬೇರೆಯೇ ಕೇಳುತ್ತೆ.

ಮಾತಲ್ಲಿ ಜೋರು ಇರೋದು ಸ್ವರಾಕ್ಷರದಲ್ಲಿ, ಅರ್ಥ ಬಹುಪಾಲು ಇರೋದು ವ್ಯಂಜನದಲ್ಲಿ. ಕಣ್ಣೀರು, ತಣ್ಣೀರು. ವ್ಯತ್ಯಾಸ ಒಂದು ಕ, ಒಂದು ತ, ಅದೂ ಕಣ್ಣು ಮಿಟುಕಿಸೋದರೊಳಗೆ ಮುಗಿಯುತ್ತೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯೋದ್ರಿಂದ, ಹಿಂದಿನ ಪದದ ಬಾಲ ಮುಂದಿನ ಪದದ ತಲೆ ಮೇಲೆ ಬಂದು ಕೂರುತ್ತೆ ಅನ್ನೋದು ನನ್ನ ಲೆಕ್ಕ. ವಾಲ್ಯೂಮ್ ಏರಿಸಿದ್ರೆ ಬಾಲವೂ ಏರುತ್ತೆ. ಅಜ್ಜಿ ಹೇಳಿದ್ದು ಅಕ್ಷರಶಃ ಸರಿ.

ಆದ್ರೂ ನಮ್ಮ ಕಡೆ "ಕೇಳ್ತಿಲ್ಲ" ಅಂದ ತಕ್ಷಣ ಇನ್ನೊಂದು ಸ್ಪೀಕರ್ ಕಟ್ತೀವಿ. ಇದು ಜಾತ್ರೆಯ ಅಭ್ಯಾಸ. 1915ರಲ್ಲಿ ಕ್ಯಾಲಿಫೋರ್ನಿಯಾದ ಜೆನ್ಸನ್, ಪ್ರಿಡ್ಹ್ಯಾಮ್ ಅನ್ನೋ ಇಬ್ಬರು ತಮ್ಮ ಸ್ಪೀಕರಿಗೆ ಮ್ಯಾಗ್ನವಾಕ್ಸ್ ಅಂತ ಹೆಸರಿಟ್ರು. ಲ್ಯಾಟಿನ್‌ನಲ್ಲಿ ದೊಡ್ಡ ದನಿ ಅಂತ. ಅದು ಹೆಸರು ಮಾಡಿದ್ದು ಬಯಲಲ್ಲಿ, ದೊಡ್ಡ ಜನಸಂದಣಿ ಮುಂದೆ. ಕರೆಂಟು ನಮ್ಮ ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಹುಟ್ಟಿತ್ತು, ಆದ್ರೆ ಮೊದಲು ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ನಮ್ಮ ಹಳ್ಳಿಗಳಿಗೆ ಕರೆಂಟ್, ಮೈಕ್‌ಸೆಟ್ ಎರಡೂ ಬಂದ ಮೇಲೆ ಹಾರ್ನ್ ಸ್ಪೀಕರ್ ಮರ ಏರ್ತು. ಬಯಲಲ್ಲಿ ಗೋಡೆ ಇಲ್ಲ, ಪ್ರತಿಧ್ವನಿ ಇಲ್ಲ, ಎಷ್ಟು ಕಟ್ಟಿದ್ರೂ ನಡೆಯುತ್ತೆ. ಅದೇ ಬುದ್ಧಿಯನ್ನ ನಾಲ್ಕು ಗೋಡೆ ಒಳಗೆ ತಂದ್ರೆ ಎಂಟು ಬಾಕ್ಸ್ ಎಂಟು ಕಡೆಯಿಂದ ಗೋಡೆಗೆ, ಚಾವಣಿಗೆ ಬಡಿಯುತ್ತೆ.

ಇದಕ್ಕೆ ಮದ್ದು ಸಿಕ್ಕಿದ್ದೂ ಒಂದು ಚರ್ಚಲ್ಲೇ. ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ 1950ರ ದಶಕದ ಆರಂಭದಲ್ಲಿ ಕಂಬದ ಥರ ಉದ್ದನೆಯ ಕಾಲಮ್ ಸ್ಪೀಕರ್ ಹಾಕಿದ್ರು. ಒಂದರ ಮೇಲೊಂದು ಸಣ್ಣ ಸ್ಪೀಕರ್ ಜೋಡಿಸಿದಾಗ ದನಿ ಮೇಲಕ್ಕೂ ಕೆಳಕ್ಕೂ ಚೆಲ್ಲಲ್ಲ, ಕೂತವರ ಕಿವಿಗೆ ಹೋಗುತ್ತೆ. ಜೊತೆಗೆ ಹಿಂದಿನ ಸ್ಪೀಕರುಗಳನ್ನ ಬೇಕಂತಲೇ ತಡ ಮಾಡಿದ್ರು. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿದ್ದ: ಒಂದೇ ದನಿ ಎರಡು ಕಡೆಯಿಂದ ಸ್ವಲ್ಪವೇ ಹಿಂದುಮುಂದಾಗಿ ಬಂದ್ರೆ, ಕಿವಿ ಮೊದಲು ಬಂದದ್ದರ ಕಡೆ ತಿರುಗುತ್ತೆ, ಎರಡನೇದು ಅದಕ್ಕೆ ಬಲ ಕೊಡುತ್ತೆ ಅಷ್ಟೇ.

ಲೆಕ್ಕ ಸುಲಭ, ಕಾಮರ್ಸ್‌ನವರಿಗೂ ಆಗುತ್ತೆ. ದನಿ ಒಂದು ಮೀಟರ್ ಹೋಗೋಕೆ ಸುಮಾರು 3 ಮಿಲಿಸೆಕೆಂಡ್. ಮುಂದಿನ ಜೋಡಿಗೂ ನಡುವಿನ ಜೋಡಿಗೂ 12 ಮೀಟರ್ ಅಂತರ ಇದ್ರೆ 35 ಮಿಲಿಸೆಕೆಂಡ್, ಮೇಲೆ ಒಂದು ಹತ್ತು. ನಡುವಿನ ಸ್ಪೀಕರಿಗೆ 45 ತಡ ಕೊಟ್ರೆ, ಹಿಂದೆ ಕೂತವರಿಗೆ ದನಿ ಫಾದರ್ ನಿಂತ ಕಡೆಯಿಂದಲೇ ಬಂದ ಹಾಗಿರುತ್ತೆ.

ಸಮಿತಿಗೆ ಹೇಳಿದೆ: ಎಂಟಲ್ಲ, ನಾಲ್ಕು ಕಾಲಮ್ ಸಾಕು. ಎರಡು ಬಲಿಪೀಠದ ಅಕ್ಕಪಕ್ಕ, ಎರಡು ನಡುವೆ, ತಲೆಗಿಂತ ಸ್ವಲ್ಪ ಮೇಲೆ, ಬೆಂಚಿನ ಕಡೆ ಬಾಗಿಸಿ. ಹಿಂದಿನ ಗೋಡೆಗೆ ಗುರಿ ಬೇಡ. ಜಗಳ ಶುರುವಾಯ್ತು. ಎಂಟು ಬಾಕ್ಸಿಗೆ ಎಂಟು ದಾನಿಗಳು ಒಪ್ಪಿದ್ರು, ಪ್ರತಿ ಬಾಕ್ಸ್ ಮೇಲೆ ಹೆಸರು ಬರೆಸೋ ಮಾತಾಗಿತ್ತು. ನಾಲ್ಕರ ಮೇಲೆ ಎಂಟು ಹೆಸರು ಹೇಗೆ? ಇದನ್ನ ಯಾವ ಸೇಬಿನ್ನೂ ಅಳೆದಿಲ್ಲ. ಕೊನೆಗೆ ಫಾದರ್, ಒಂದು ವಾರ ಬಾಡಿಗೆಗೆ ತಂದು ನೋಡೋಣ ಅಂದ್ರು.

ಭಾನುವಾರ ಪೂಜೆ ಮುಗಿದ ಮೇಲೆ ಜನರನ್ನ ಹಾಗೇ ಕೂರಿಸಿದ್ವಿ. ಫ್ರೆಂಡ್ ಮೈಕಲ್ಲಿ ಹತ್ತು ಪದ ಓದಿದ: ಕಣ್ಣೀರು, ತಣ್ಣೀರು, ಪನ್ನೀರು, ಹೀಗೆ. ಅಜ್ಜಿ ಹಿಂದಿನ ಬೆಂಚಿಂದ ತಿರುಗಿ ಹೇಳಬೇಕು. ಹಳೇ ಸೆಟ್‌ನಲ್ಲಿ ನಾಲ್ಕು ಸರಿ. ಕಾಲಮ್‌ನಲ್ಲಿ ಎಂಟು.

ಗಾಯನ ವೃಂದದ ಹುಡುಗರಿಗೆ ಬೇಜಾರು, ಬಾಸ್ ಇಲ್ಲ, ಕ್ರಿಸ್‌ಮಸ್‌ಗೆ ಏನ್ ಮಾಡೋದು ಅಂತ. ನ್ಯಾಯವಾದ ಪ್ರಶ್ನೆಯೇ, ಕಾಲಮ್‌ಗಳಲ್ಲಿ ಅದು ಕಮ್ಮಿ. ಇನ್ನು ಅಜ್ಜಿ ತಪ್ಪಿದ ಎರಡು ಪದಗಳು, ಫ್ರೆಂಡ್ ಮೈಕ್ ಬಿಟ್ಟು ಆ ಕಡೆ ಮುಖ ತಿರುಗಿಸಿದಾಗಿನವು. ಪ್ರಬೋಧನೆ ಮಾಡುವಾಗ ಫಾದರ್ ಕೂಡ ಹಾಗೇ ಮಾಡ್ತಾರೆ. ಅವರಿಗೆ ಯಾರು ಹೇಳೋದು ಅನ್ನೋದು ಮುಂದಿನ ಸಮಿತಿ ಸಭೆಗೆ ಹೋಗಿದೆ.